ಮುಚ್ಚಳವನ್ನು ಹಿಡಿದಿಟ್ಟದ್ದು ಯಾವುದು?

ಮಾವಿನಕಾಯಿ ಕಾಲ ಮುಗಿದು ಗುಳಂಬದ ಬಾಟಲಿಗಳು ಮಾಡಕ್ಕೆ ಏರಿದ ಮೇಲೆ ನನಗೆ ಒಂದೇ ತರಹದ ಪ್ರಶ್ನೆಗಳು ಬರತೊಡಗುತ್ತವೆ. ಮುಚ್ಚಳ ಹತ್ತಿ ಕುಂತೈತಿ, ಒಡೀದಂಗ ಹೆಂಗ ತಗೀಬೇಕು? ಕಲಘಟಗಿ ಕಡೆಯವರು ಕೇಳುವುದು ಮಳೆಗಾಲದಲ್ಲಿ ತುಕ್ಕು ಹಿಡಿದ ತಗಡಿನ ಮುಚ್ಚಳದ ಬಗ್ಗೆ. ನವಲಗುಂದ, ಅಣ್ಣಿಗೇರಿಯವರಿಗೆ ನೀರು ಕಾಯಿಸುವ ಹಂಡೆಯ ಚಿಂತೆ. ಕುಂದಗೋಳದ ಕಡೆಯಿಂದ ಬರುವುದು ಹೆಚ್ಚಾಗಿ ಒಂದರೊಳಗೊಂದು ಸಿಕ್ಕಿಬಿದ್ದ ಬೋಗೋಣಿಗಳ ಸಮಾಚಾರ. ಕುಕ್ಕರಿನ ಪ್ರಶ್ನೆ ಮಾತ್ರ ಎಲ್ಲ ಊರುಗಳದ್ದು. ಎಲ್ಲರಿಗೂ ಬೇಕಾದದ್ದು ಒಂದು ಉಪಾಯ. ಆದರೆ ಎಲ್ಲ ಮುಚ್ಚಳಕ್ಕೂ ನಡೆಯುವ ಒಂದೇ ಉಪಾಯ ಇಲ್ಲ. ಯಾಕೆಂದರೆ ಮುಚ್ಚಳವನ್ನು ಹಿಡಿದಿಟ್ಟದ್ದು ಎಲ್ಲ ಕಡೆ ಒಂದೇ ಅಲ್ಲ.

ನಮ್ಮ ಮನೆಗಳಲ್ಲಿ ಮುಚ್ಚಳ ಹತ್ತಿತೆಂದರೆ ಮೊದಲು ಕರೆಯುವುದು ಗಟ್ಟಿ ರಟ್ಟೆಯವರನ್ನು. ಗಂಡನೋ ಮಗನೋ ಹೊಲದಿಂದ ಬಂದವನು ಹಲ್ಲು ಕಚ್ಚಿ ತಿರುವುತ್ತಾನೆ. ಬರದಿದ್ದರೆ ಚೂರಿ ಬರುತ್ತದೆ, ಅದಕ್ಕೂ ಬಗ್ಗದಿದ್ದರೆ ಸುತ್ತಿಗೆ. ಈ ಕ್ರಮವೇ ತಲೆಕೆಳಗು ಎಂದು ನಾನು ನಂಬಿದ್ದೇನೆ. ನಮ್ಮಜ್ಜಿಯ ತೋಳಿನಲ್ಲಿ ಬಲವೇನೂ ಇರಲಿಲ್ಲ. ಆದರೂ ಓಣಿಯ ಹೆಣ್ಣುಮಕ್ಕಳು ಹತ್ತಿದ ಡಬ್ಬಿಗಳನ್ನು ಅವಳ ಹತ್ತಿರ ತರುತ್ತಿದ್ದರು. ಅವಳು ತಿರುವುವ ಮೊದಲು ಕೇಳುತ್ತಿದ್ದ ಪ್ರಶ್ನೆ ಎರಡೇ: "ಒಳಗೇನೈತಿ? ಬಿಸಿ ಇದ್ದಾಗ ಮುಚ್ಚೀದಿ, ಆರಿದಮ್ಯಾಲೆ ಮುಚ್ಚೀದಿ?" ಆ ಎರಡು ಪ್ರಶ್ನೆಗಳಲ್ಲಿ ಮುಕ್ಕಾಲು ಉತ್ತರ ಸಿಕ್ಕುಬಿಡುತ್ತದೆ.

ಬಿಸಿ ಇದ್ದಾಗ ಮುಚ್ಚಿದ್ದರೆ ಹಿಡಿದಿರುವುದು ಹೊರಗಿನ ಗಾಳಿ. ಕುದಿಯುವ ಸಾರಿನ ಬೋಗೋಣಿಯ ಮೇಲೆ ತಾಟು ಮುಚ್ಚಿದಾಗ ಒಳಗಿನ ಗಾಳಿಯನ್ನು ಹಬೆ ಹೊರಗೆ ತಳ್ಳಿರುತ್ತದೆ. ನೀರು ಹಬೆಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಆರಿ ಮತ್ತೆ ನೀರಾದಾಗ ಅಷ್ಟೇ ಕುಗ್ಗುತ್ತದೆ. ಒದ್ದೆಯಾದ ಅಂಚು ಸಂದನ್ನು ಮುಚ್ಚಿಬಿಟ್ಟಿದ್ದರೆ ಹೊರಗಿನ ಗಾಳಿ ಒಳಗೆ ಬರಲಾರದು, ಮುಚ್ಚಳದ ಮೇಲೆ ಒತ್ತಿ ಕೂಡುತ್ತದೆ. ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ನಮ್ಮದು ಸಮುದ್ರಮಟ್ಟಕ್ಕಿಂತ ಎತ್ತರದ ಜಿಲ್ಲೆಯಾದ್ದರಿಂದ ಅದಕ್ಕಿಂತ ತುಸು ಕಡಿಮೆ. 20 ಸೆಂಟಿಮೀಟರ್ ಅಗಲದ ಮುಚ್ಚಳದ ಹರವು 314 ಚದರ ಸೆಂಟಿಮೀಟರ್. ಒಳಗಿನ ಒತ್ತಡ ಹತ್ತರಲ್ಲಿ ಒಂದು ಪಾಲು ಇಳಿದರೂ ಸಾಕು, ಮುಚ್ಚಳದ ಮೇಲೆ ಸುಮಾರು 30 ಕಿಲೋ ಭಾರ ಹೇರಿದಂತಾಯಿತು. 1657ರಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗ್ ಊರಿನಲ್ಲಿ ಒಟ್ಟೊ ಫಾನ್ ಗೆರಿಕೆ ಎಂಬಾತ ಎರಡು ಲೋಹದ ಅರೆಗೋಳಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆ ಕುದುರೆ ಕಟ್ಟಿ ಎಳೆಸಿದ್ದ. ಹದಿನಾರು ಕುದುರೆಗಳೂ ಸುಲಭಕ್ಕೆ ಬಿಡಿಸಲಾಗದ್ದನ್ನು ನಾವು ಬೆರಳ ತುದಿಯಲ್ಲಿ ಎಳೆಯಲು ಹೋಗುತ್ತೇವೆ. ಅದೇ ಗೋಳಕ್ಕೆ ಗಾಳಿ ಬಿಟ್ಟರೆ ಕೈಯಿಂದಲೇ ಬಿಡಿಸಬಹುದಿತ್ತು.

ಹಾಗಾಗಿ ಇಲ್ಲಿ ಎಳೆಯುವ ಕೆಲಸವೇ ಇಲ್ಲ. ಬೋಗೋಣಿಯನ್ನು ಸಣ್ಣ ಉರಿಯ ಮೇಲೆ ತುಸು ಹೊತ್ತು ಇಡಿ, ಒಳಗೆ ಹಬೆ ಎದ್ದೊಡನೆ ತಾಟು ತಾನೇ ಸಡಿಲವಾಗುತ್ತದೆ. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಒಯ್ಯಲು ಬಿಸಿಬಿಸಿ ಕಡಬು ತುಂಬಿ ಬಾಯಿ ಒತ್ತಿದ ಸ್ಟೀಲ್ ಡಬ್ಬಿ ಹತ್ತುವುದೂ ಇದೇ ಕಾರಣಕ್ಕೆ. ಅದನ್ನು ಉರಿಯ ಮೇಲೆ ಇಡಬೇಡಿ. ಡಬ್ಬಿಯ ತಳವನ್ನು ಬಿಸಿನೀರಿನ ಪರಾತದಲ್ಲಿ ಇಳಿಬಿಡಿ. ಒಳಗಿನ ಗಾಳಿ 30 ಡಿಗ್ರಿಯಿಂದ 80 ಡಿಗ್ರಿಗೆ ಏರಿದರೆ ಅದರ ಒತ್ತಡ ಆರರಲ್ಲಿ ಒಂದು ಪಾಲಿನಷ್ಟು ಹೆಚ್ಚುತ್ತದೆ, ಹದಿನೈದು ಸೆಂಟಿಮೀಟರಿನ ಮುಚ್ಚಳವನ್ನು ಮೇಲಕ್ಕೆ ತಳ್ಳಲು ಅಷ್ಟು ಧಾರಾಳ ಸಾಕು. ಮುಖ ಮಾತ್ರ ಡಬ್ಬಿಯ ಮೇಲೆ ಬಾಗಿಸಿರಬಾರದು. ಅಂಗಡಿಯಿಂದ ತಂದ ಹೊಸ ಬಾಟಲಿಯನ್ನೂ ಗಾಳಿಯೇ ಹಿಡಿದಿರುತ್ತದೆ. ಚಮಚೆಯ ಹಿಡಿಕೆಯನ್ನು ಮುಚ್ಚಳದ ಅಂಚಿನಡಿ ಇಟ್ಟು ಕೂದಲೆಳೆಯಷ್ಟು ಎತ್ತಿ. ಟಕ್ ಎಂದ ಮೇಲೆ ಮಗು ಕೂಡ ತಿರುವಬಹುದು.

ಕುಕ್ಕರಿನ ಮಾತು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಉಳಿದ ಕಡೆ ಹೋದರೆ ಪಾತ್ರೆ ಹೋಗುತ್ತದೆ, ಇಲ್ಲಿ ಮುಖ ಸುಡುತ್ತದೆ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಒಲೆಯ ಜಾಗಕ್ಕೆ ಗ್ಯಾಸ್ ಬಂದ ಮನೆಗಳಲ್ಲಿ ಕುಕ್ಕರೂ ಹಿಂದೆಯೇ ಬಂತು. ಬಳಸುವ ರೀತಿಯನ್ನು ಕೂತು ಹೇಳಿಕೊಟ್ಟವರು ಕಡಿಮೆ. ಸೀಟಿ ಹೊಡೆಯುವ ಹೊತ್ತಿಗೆ ಒಳಗೆ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಹೆಚ್ಚು ಒತ್ತಡ, ಶಾಖ 120 ಡಿಗ್ರಿಯ ಆಸುಪಾಸು. ಮುಚ್ಚಳದ ಮೇಲೆ ಒಳಗಿನಿಂದ ಒಟ್ಟು ಸುಮಾರು 300 ಕಿಲೋ ಬಲ. ಬಿಸಿ ಕುಕ್ಕರು ತೆರೆಯದಿದ್ದರೆ ಅದು ಹತ್ತಿಕೊಂಡದ್ದಲ್ಲ, ನಿಮ್ಮನ್ನು ಕಾಯುತ್ತಿರುವುದು. ಅದರ ಜೊತೆ ಜಗ್ಗಾಡಬಾರದು. ಸೀಟಿಯ ತೂಕ ಎತ್ತಿದಾಗ ಹಬೆ ಬಾರದಿದ್ದರೂ ಒಳಗೆ ಒತ್ತಡ ಇಲ್ಲವೆಂದು ನಂಬಬೇಡಿ, ಉಕ್ಕಿದ ತೊಗರಿ ಬೇಳೆ ರಂಧ್ರವನ್ನು ಮುಚ್ಚಿರಬಹುದು. ಉರಿ ಆರಿಸಿ, ದೂರ ಸರಿದು, ಪೂರ್ತಿ ತಣ್ಣಗಾಗಲು ಬಿಡಿ.

ಪೂರ್ತಿ ತಣ್ಣಗಾದ ಮೇಲೂ ತೆರೆಯದಿದ್ದರೆ? ಆಗ ಹಿಡಿದಿರುವುದು ಒಳಗಿನ ಹಬೆಯಲ್ಲ, ಹೊರಗಿನ ಗಾಳಿ. ಕುಕ್ಕರಿನ ಮೈ ಮುಟ್ಟಿದರೆ ಕೈಗೆ ತಂಪು ಹತ್ತಬೇಕು, ಆ ಮೇಲೆ ತೂಕ ತೆಗೆದಿಡಿ. ಸೊಂಯ್ ಎಂದು ಗಾಳಿ ಒಳಗೆ ಹೋಗುವುದು ಕೇಳಿಸಿದರೆ ಕೆಲಸ ಮುಗಿಯಿತು. ರಂಧ್ರದಲ್ಲಿ ಕಾಳು ಕೂತಿದ್ದರೆ, ಪಾತ್ರೆ ತಣ್ಣಗಿರುವುದು ಖಾತ್ರಿಯಾದ ಮೇಲೆ ಮಾತ್ರ, ಸೂಜಿಯಿಂದ ಬಿಡಿಸಿ. ಒಳಮುಚ್ಚಳದ ಕುಕ್ಕರನ್ನು ಕೆಲವು ಕ್ಷಣ ಬಿಸಿಮಾಡಿ ತೂಕ ಎತ್ತಿದರೂ ಸಡಿಲಾಗುತ್ತದೆ. ಹಬೆಯಿಂದ ಬೇಯಿಸುವ ಈ ಪಾತ್ರೆಯನ್ನು ಡೆನಿಸ್ ಪಾಪಿನ್ ಲಂಡನ್ನಿನಲ್ಲಿ ತೋರಿಸಿದ್ದು 1679ರಲ್ಲಿ. ಒತ್ತಡ ಮೀರಿದರೆ ತಾನೇ ತೆರೆದುಕೊಳ್ಳುವ ಕವಾಟವನ್ನು ಅದಕ್ಕೆ ಜೋಡಿಸಿದವನೂ ಅವನೇ. ಬೇಳೆಗೆ ನಾಲ್ಕು ಹನಿ ಎಣ್ಣೆ ಬಿಡುವುದು, ಮುಚ್ಚುವ ಮೊದಲು ಸೀಟಿಯ ರಂಧ್ರವನ್ನು ಬೆಳಕಿಗೆ ಹಿಡಿದು ಆಚೆ ಕಾಣುತ್ತದೆಯೇ ನೋಡುವುದು, ಇವೆರಡನ್ನು ನಿಮ್ಮ ಮನೆಯ ಹೊಸ ಸೊಸೆಗೂ, ಅಡಿಗೆ ಕಲಿಯುತ್ತಿರುವ ಮಗನಿಗೂ ದಯವಿಟ್ಟು ಹೇಳಿಕೊಡಿ.

ಇನ್ನು ಒಂದರೊಳಗೊಂದು ಸಿಕ್ಕ ಪಾತ್ರೆಗಳು. ನಮ್ಮ ಹಳ್ಳಿಯ ಅಡಿಗೆಮನೆಯಲ್ಲಿ ಮೂರು ತಲೆಮಾರಿನ ಲೋಹಗಳು ಒಟ್ಟಿಗೆ ಬದುಕುತ್ತವೆ: ಮುತ್ತಜ್ಜಿಯ ಹಿತ್ತಾಳಿ, ಅಜ್ಜಿಯ ಕಾಲದ ಜರ್ಮನ್ ಎಂದು ಕರೆಯುವ ಅಲ್ಯೂಮಿನಿಯಂ, ಅವ್ವನ ಮದುವೆಗೆ ಬಂದ ಸ್ಟೀಲು. ಇವು ಬಿಸಿಗೆ ಹಿಗ್ಗುವ ಪ್ರಮಾಣ ಒಂದೇ ಅಲ್ಲ. ಒಂದು ಮೀಟರ್ ಉದ್ದದ ಪಟ್ಟಿಯನ್ನು 100 ಡಿಗ್ರಿಯಷ್ಟು ಬಿಸಿಮಾಡಿದರೆ ಅಲ್ಯೂಮಿನಿಯಂ ಸುಮಾರು 2.3 ಮಿಲಿಮೀಟರ್ ಹಿಗ್ಗುತ್ತದೆ, ಹಿತ್ತಾಳಿ 1.9, ಪಾತ್ರೆಯ ಸ್ಟೀಲು ಮತ್ತು ತಾಮ್ರ 1.7ರ ಆಸುಪಾಸು, ಕಬ್ಬಿಣ 1.2, ಸಾದಾ ಗಾಜು 0.9. ಈ ಅಂಕಿಗಳು ಸಣ್ಣವಾಗಿ ಕಂಡರೂ ಪಾತ್ರೆ ಬಿಡಿಸುವ ದಾರಿ ಇವುಗಳಲ್ಲೇ ಇದೆ.

ಎರಡೂ ಒಂದೇ ಲೋಹದವಾದರೆ ದಾರಿ ಸರಳ. ಒಳಗಿನದಕ್ಕೆ ತಣ್ಣೀರು ತುಂಬಿ, ಮಂಜುಗಡ್ಡೆ ಇದ್ದರೆ ಅದನ್ನೂ ಹಾಕಿ. ಹೊರಗಿನದನ್ನು ಕಾಯಿಸಿದ ನೀರಿನಲ್ಲಿ ಅಂಚಿನವರೆಗೆ ಇಳಿಸಿ. 20 ಸೆಂಟಿಮೀಟರ್ ಬಾಯಿಯ ಸ್ಟೀಲ್ ಪಾತ್ರೆಗಳಲ್ಲಿ ಒಳಗಿನದಕ್ಕೂ ಹೊರಗಿನದಕ್ಕೂ 50 ಡಿಗ್ರಿ ಅಂತರ ಬಂದರೆ ನಡುವೆ 0.17 ಮಿಲಿಮೀಟರಿನಷ್ಟು ಸಡಿಲ ಸಿಕ್ಕುತ್ತದೆ. ನೋಟುಬುಕ್ಕಿನ ಹಾಳೆಯ ದಪ್ಪಕ್ಕಿಂತ ಅದು ಹೆಚ್ಚೇ. ಆದರೆ ಆ ಅಂತರ ಕೆಲವೇ ಕ್ಷಣ ಉಳಿಯುತ್ತದೆ, ಎರಡೂ ಬೆಚ್ಚಗಾಗುವ ಮೊದಲೇ ಎತ್ತಬೇಕು. ಅಂಚಿಗೆ ಮುಂಚಿತವಾಗಿಯೇ ಎಣ್ಣೆ ಬಿಟ್ಟು ಒಂದು ತಾಸು ಇಳಿಯಲು ಬಿಟ್ಟಿದ್ದರೆ ಇನ್ನೂ ಒಳ್ಳೆಯದು.

ಲೋಹ ಬೇರೆಬೇರೆಯಾದರೆ ಒಂದು ಗಳಿಗೆ ನಿಂತು ನೋಡಬೇಕು. ಜರ್ಮನ್ ಬೋಗೋಣಿ ಒಳಗಿದ್ದು ಸ್ಟೀಲು ಹೊರಗಿದ್ದರೆ, ಜೋಡಿಯನ್ನು ಹಾಗೇ ಬಿಸಿನೀರಿಗೆ ಹಾಕುವುದು ತಪ್ಪು ಮದ್ದು. ಒಳಗಿನದು ಹೊರಗಿನದಕ್ಕಿಂತ ಹೆಚ್ಚು ಹಿಗ್ಗಿ ಇನ್ನೂ ಬಿಗಿಯುತ್ತದೆ. ಈ ಜೋಡಿಗೆ ಬೇಕಾದದ್ದು ತಂಪು. ಬನದ ಹುಣ್ಣಿಮೆಯ ಹೊತ್ತಿನ ಚಳಿಯಲ್ಲಿ ರಾತ್ರಿ ಅಂಗಳದಲ್ಲಿಟ್ಟು, ನಸುಕಿನಲ್ಲಿ ಒಳಗಿನದಕ್ಕೆ ಹರಿವಿಯ ತಣ್ಣೀರು ತುಂಬಿ ತಿರುವಿದರೆ ಎಷ್ಟೋ ಸಲ ಬಂದುಬಿಡುತ್ತದೆ. ಬೇಸಿಗೆ ಮಧ್ಯಾಹ್ನ ಬಿಸಿಲಿನಲ್ಲಿಟ್ಟು ಜಗ್ಗಿದರೆ ಶ್ರಮ ಮಾತ್ರ. ಇದಕ್ಕೆ ತಿರುವುಮುರುವಾಗಿ ಸ್ಟೀಲು ಒಳಗೆ, ಜರ್ಮನ್ ಹೊರಗೆ ಇದ್ದರೆ ಎರಡನ್ನೂ ಕೂಡಿಯೇ ಕಾಯಿಸಬಹುದು. ಹಿತ್ತಾಳಿ–ಸ್ಟೀಲಿನ ಜೋಡಿಯಲ್ಲಿ ವ್ಯತ್ಯಾಸ ತೀರ ಕಡಿಮೆ, ಅಲ್ಲಿ ಒಳಗೆ ತಂಪು, ಹೊರಗೆ ಬಿಸಿ ಎಂಬ ಮೊದಲಿನ ದಾರಿಯೇ ಗತಿ.

ಕಲಾಯಿ ಮಾಡಿಸಿದ ಹಿತ್ತಾಳಿ, ತಾಮ್ರದ ಪಾತ್ರೆಯನ್ನು ಮಾತ್ರ ಖಾಲಿ ಇರುವಾಗ ಉರಿಯ ಮೇಲೆ ಹಿಡಿಯಬೇಡಿ. ಕಲಾಯಿ ಎಂದರೆ ತವರ, ಅದು 232 ಡಿಗ್ರಿಗೆ ಕರಗುತ್ತದೆ. ಖಾಲಿ ಪಾತ್ರೆ ಗ್ಯಾಸಿನ ಉರಿಯಲ್ಲಿ ಆ ಶಾಖ ಮುಟ್ಟಲು ಹೊತ್ತು ಹಿಡಿಯುವುದಿಲ್ಲ. ಮೊದಲು ಕಲಾಯಿಗಾರರು ಓಣಿಯೊಳಗೇ ತಿದಿ ಹೂಡಿ ಕೂಡುತ್ತಿದ್ದರು, ಈಗ ಅವರನ್ನು ಹುಡುಕಿಕೊಂಡು ಹೋಗಬೇಕು. ಹೋದ ಕಲಾಯಿ ಮತ್ತೆ ಬರುವುದು ಸುಲಭವಲ್ಲ. ಸುತ್ತಿಗೆಯೂ ಬೇಡ. ಅಂಚಿಗೆ ಏಟು ಬಿದ್ದರೆ ಬಾಯಿಯ ದುಂಡು ಕೆಡುತ್ತದೆ. ದುಂಡು ಕೆಟ್ಟ ಬಾಯಿ ಎರಡು ಕಡೆ ಕಚ್ಚಿ ಹಿಡಿದರೆ ಬಿಸಿಯೂ ತಂಪೂ ನಡೆಯುವುದಿಲ್ಲ. ಬಡಿಯಲೇಬೇಕೆಂದರೆ ಲಟ್ಟಣಿಗೆಯಿಂದ ಸುತ್ತಲೂ ಒಂದೇ ಸಮ ಹಗುರಾಗಿ ತಟ್ಟಿ. ತಟ್ಟುವುದು ಎಣ್ಣೆ ಒಳಗಿಳಿಯಲಿ ಎಂದು, ಪಾತ್ರೆ ಬಗ್ಗಲಿ ಎಂದಲ್ಲ.

ಇಷ್ಟು ಗಾಳಿ ಮತ್ತು ಲೋಹದ ಮಾತಾಯಿತು. ನಮ್ಮ ಎರೆನಾಡಿನ ಅಡಿಗೆಮನೆಯಲ್ಲಿ ಇವಕ್ಕಿಂತ ಹೆಚ್ಚು ಕಾಡುವುದು ಅಂಟು. ಅಂಟಿನಲ್ಲೂ ಬೆಲ್ಲದ್ದು ಬೇರೆ, ಉಪ್ಪಿನದು ಬೇರೆ, ಎಣ್ಣೆಯದು ಬೇರೆ. ಗುಳಂಬದ ಬಾಟಲಿಯ ಎಳೆಗಳಲ್ಲಿ ಪಾಕ ಹೆಪ್ಪುಗಟ್ಟಿದ್ದರೆ ಬಿಸಿನೀರು ಸರಿಯಾದ ಮದ್ದು. ಸಕ್ಕರೆ 100 ಮಿಲಿಲೀಟರ್ ಸಾದಾ ನೀರಿನಲ್ಲಿ ಸುಮಾರು 200 ಗ್ರಾಂ ಕರಗಿದರೆ, ಕುದಿಯುವ ನೀರಿನಲ್ಲಿ ಅದರ ಎರಡು ಪಟ್ಟಿಗೂ ಮೀರಿ ಕರಗುತ್ತದೆ. ಬೆಲ್ಲದ ಗುಣವೂ ಹಾಗೆಯೇ. ಉಪ್ಪಿನ ಸ್ವಭಾವ ಅದಲ್ಲ. ಸಾದಾ ನೀರಿನಲ್ಲಿ 36 ಗ್ರಾಂ ಕರಗುವ ಉಪ್ಪು ಕುದಿಯುವ ನೀರಿನಲ್ಲಿ 39 ಗ್ರಾಂ ಕರಗುತ್ತದೆ, ಅಷ್ಟೇ. ಉಪ್ಪಿನಕಾಯಿ, ರಂಜಕದ ಮುಚ್ಚಳಕ್ಕೆ ಕುದಿನೀರು ಸುರಿದು ಗಾಜು ಸೀಳಿಸಿಕೊಳ್ಳುವುದಕ್ಕಿಂತ, ಬಾಟಲಿಯನ್ನು ತಲೆಕೆಳಗಾಗಿ ಉಗುರುಬೆಚ್ಚನೆಯ ನೀರಿನ ವಾಟಗದಲ್ಲಿ ಮುಚ್ಚಳದಷ್ಟೇ ಮುಳುಗುವಂತೆ ರಾತ್ರಿಯಿಡೀ ಬಿಡಿ. ಉಪ್ಪಿಗೆ ಬೇಕಾದದ್ದು ನೀರು ಮತ್ತು ಸಮಯ. ನೀರು ಒಳಗೆ ಜಿನುಗಿ ಉಪ್ಪಿನಕಾಯಿ ಕೆಟ್ಟೀತೆಂಬ ಅಂಜಿಕೆ ಇದ್ದರೆ ಒದ್ದೆ ಬಟ್ಟೆ ಸುತ್ತಿ, ಆಗಾಗ ತೋಯಿಸಿ. ಉಪ್ಪು ತಗಡನ್ನು ತಿಂದು ತುಕ್ಕು ಹಿಡಿಸಿದ್ದರೆ, ಅದರಲ್ಲೂ ಕಲಘಟಗಿಯ ಮಳೆಯ ತೇವದಲ್ಲಿ, ತುಕ್ಕು ತಾನಿದ್ದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡಿ ಎಳೆಗಳನ್ನು ತುಂಬಿಬಿಡುತ್ತದೆ. ಅಲ್ಲಿ ಮುಚ್ಚಳವನ್ನು ಉಳಿಸುವ ಆಸೆ ಬಿಟ್ಟು ಒಳಗಿನದನ್ನು ಉಳಿಸಿಕೊಳ್ಳುವುದೇ ಲೇಸು. ಹಳೆಯ ಪಿಂಗಾಣಿ ಭರಣಿಯ ಬಗ್ಗೆ ನನಗೆ ಗೌರವ ಇರುವುದು ಇದಕ್ಕೇ: ಸಡಿಲ ಮುಚ್ಚಳ, ಮೇಲೊಂದು ಬಿಳಿ ಅರಿವೆಯ ಕಟ್ಟು. ಎಳೆಯೂ ಇಲ್ಲ, ತಗಡೂ ಇಲ್ಲ, ಹತ್ತಿಕೊಳ್ಳಲು ಏನೂ ಇಲ್ಲ.

ಎಣ್ಣೆಯ ಅಂಟು ನಮ್ಮ ನೆಲಕ್ಕೇ ಸೇರಿದ್ದು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಹಿಂಗಾರಿ ಹೊಲಗಳಲ್ಲಿ ಜೋಳ, ಕಡಲೆಯ ಜೊತೆ ಕುಸುಬಿ ಬೆಳೆದು ಗಾಣದ ಎಣ್ಣೆ ತಿಂದು ಬೆಳೆದವರು ನಾವು. ಅಗಸಿಯೂ ಇಲ್ಲಿನ ಹಳೆಯ ಬೆಳೆ. ಶೇಂಗಾ ಎಣ್ಣೆಯ ಹನಿ ಡಬ್ಬಿಯ ಅಂಚಿನಲ್ಲಿ ತಿಂಗಳುಗಟ್ಟಲೆ ಇದ್ದರೂ ಜಿಡ್ಡಾಗಿಯೇ ಉಳಿಯುತ್ತದೆ. ಕುಸುಬಿ, ಅಗಸಿ ಎಣ್ಣೆ ಹಾಗಲ್ಲ. ಇವು ಗಾಳಿಯ ಆಮ್ಲಜನಕ ಹೀರಿ ನಿಧಾನಕ್ಕೆ ಗಟ್ಟಿಯಾಗುವ ಜಾತಿಯವು. ಚಿತ್ರಕಾರರು ಬಣ್ಣ ಕಲಸಲು, ಹುಡುಗರು ಕ್ರಿಕೆಟ್ ಬ್ಯಾಟಿಗೆ ಬಳಿಯಲು ಅಗಸಿ ಎಣ್ಣೆ ಬಳಸುವುದು ಈ ಗುಣಕ್ಕಾಗಿಯೇ. ಎಣ್ಣೆಯ ಕ್ಯಾನಿನ ಮುಚ್ಚಳದ ಸುತ್ತ ಹಳದಿ ಬಣ್ಣದ, ಉಗುರಿಗೂ ಬಗ್ಗದ ಪೊರೆ ಕಟ್ಟಿದ್ದರೆ ಅದು ಈಗ ಎಣ್ಣೆಯಲ್ಲ, ವಾರ್ನಿಶ್. ಅದನ್ನು ನೀರು ಕರಗಿಸಲಾರದು, ಎಷ್ಟು ಕಾಯಿಸಿದ ನೀರಾದರೂ ಸರಿ.

ಅದಕ್ಕೆ ಹೊಸ ಎಣ್ಣೆಯೇ ಬೇಕು. ತುಸು ಬೆಚ್ಚಗೆ ಮಾಡಿದ ಶೇಂಗಾ ಎಣ್ಣೆಯನ್ನು ಅಂಚಿಗೆ ಸವರಿ, ಅರಿವೆ ಸುತ್ತಿ, ಒಂದು ದಿನ ಬಿಸಿಲಿಗೆ ಇಡಿ. ಪೊರೆ ಮೆತ್ತಗಾದ ಮೇಲೆ ಮರದ ಕಡ್ಡಿಯಿಂದ ಕೆರೆದು ಸಾಬೂನಿನ ಬಿಸಿನೀರಿನಲ್ಲಿ ತೊಳೆಯಿರಿ. ಸ್ಟೀಲಿನ ಡಬ್ಬಿಯಾದರೆ ವಾಷಿಂಗ್ ಸೋಡಾ ಚುರುಕಾಗಿ ಕೆಲಸ ಮಾಡುತ್ತದೆ. ಜರ್ಮನ್ ಪಾತ್ರೆಗೆ ಮಾತ್ರ ಅದು ಬೇಡ, ಸೋಡಾ ಅಲ್ಯೂಮಿನಿಯಂ ತಿನ್ನುತ್ತದೆ, ಪಾತ್ರೆ ಕರ್ರಗಾಗುತ್ತದೆ. ತಿನ್ನುವ ಪದಾರ್ಥದ ಡಬ್ಬಿಗೆ ಸೀಮೆಎಣ್ಣೆ ಹಚ್ಚುವ ಸಲಹೆಯನ್ನು ಯಾರೇ ಕೊಟ್ಟರೂ ಕೇಳಬೇಡಿ. ಇಷ್ಟೆಲ್ಲ ತಾಪತ್ರಯ ಯಾಕೆಂದು ಕೇಳಿದರೆ, ಸುರಿದಾದ ಮೇಲೆ ಕ್ಯಾನಿನ ಬಾಯಿಯನ್ನು ಒಣ ಅರಿವೆಯಿಂದ ಒರೆಸುವ ಒಂದು ರೂಢಿ ಇದ್ದರೆ ಇದ್ಯಾವುದೂ ಬೇಕಿಲ್ಲ. ಕುಸುಬಿ ಎಣ್ಣೆ ಬಳಸುವ ಮನೆಯಲ್ಲಿ ಆ ಅರಿವೆ ಕ್ಯಾನಿನ ಕೊರಳಿಗೇ ಕಟ್ಟಿರಬೇಕು.

ನವಲಗುಂದದವರ ಹಂಡೆಯ ಪ್ರಶ್ನೆಗೆ ಬರುತ್ತೇನೆ. ಆ ಸೀಮೆಯ ಅಂತರ್ಜಲ ಸವಳು. ಊರಿನವರು ತಲೆತಲಾಂತರದಿಂದ ನೀಲಮ್ಮನ ಕೆರೆಯ ಸಿಹಿನೀರನ್ನು ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ. ಕೊಳವೆಬಾವಿಯ ಗಡಸು ನೀರನ್ನು ದಿನವೂ ಕಾಯಿಸಿದರೆ ಹಂಡೆಯ ಬಾಯಿಗೆ, ಮುಚ್ಚಳದ ಒಳಂಚಿಗೆ ಬಿಳಿ ಸುಣ್ಣ ಪದರ ಪದರವಾಗಿ ಕಟ್ಟುತ್ತದೆ. ಅದಕ್ಕೆ ಹುಳಿ ಬೇಕು. ಕಿವುಚಿದ ಹುಣಸಿಹಣ್ಣಿನ ನೀರೋ ನಿಂಬೆರಸವೋ ಅರಿವೆಯಲ್ಲಿ ಅದ್ದಿ ಅಂಚಿಗೆ ಸುತ್ತಿ. ಸಣ್ಣ ಗುಳ್ಳೆ ಎದ್ದರೆ ಸುಣ್ಣ ಕರಗುತ್ತಿದೆ ಎಂದರ್ಥ. ಗಂಟೆ ಕಳೆದ ಮೇಲೆ ತೆಗೆದು ನೋಡಿ, ಬೇಕಾದರೆ ಮತ್ತೊಮ್ಮೆ ಸುತ್ತಿ, ಕೊನೆಗೆ ಚೆನ್ನಾಗಿ ತೊಳೆಯಿರಿ. ಜರ್ಮನ್ ಪಾತ್ರೆಗೂ ಕಲಾಯಿಗೂ ಹುಳಿಯನ್ನು ರಾತ್ರಿಯಿಡೀ ಬಿಡುವುದು ಒಳ್ಳೆಯದಲ್ಲ.

ಗಾಜಿನ ಬಾಟಲಿಗೆ ಬಿಸಿನೀರು ಹಿಡಿಯುವ ಉಪಾಯ ಎಲ್ಲರಿಗೂ ಗೊತ್ತು. ಆದರೆ ಅರ್ಧ ಜನರಿಗೆ ಅದು ಫಲಿಸುವುದಿಲ್ಲ, ಯಾಕೆಂದರೆ ಇಡೀ ಬಾಟಲಿಯನ್ನೇ ಮುಳುಗಿಸುತ್ತಾರೆ. ತಗಡು 1.2, ಗಾಜು 0.9 ಎಂದು ಮೇಲೆ ಹೇಳಿದೆನಲ್ಲ, ಎರಡೂ ಕೂಡಿ ಕಾದರೆ ನಡುವಿನ ಲಾಭ ತೀರ ಅಲ್ಪ. ಮುಚ್ಚಳ ಮಾತ್ರ ಕಾಯಬೇಕು, ಗಾಜಿಗೆ ಶಾಖ ಇಳಿಯುವ ಮೊದಲೇ ತಿರುವಬೇಕು. ಬಾಟಲಿ ಫ್ರಿಜ್ಜಿನಿಂದ ಬಂದದ್ದಾದರೆ ಮೊದಲು ಹೊರಗಿಟ್ಟು ಅದರ ಚಳಿ ಬಿಡಿಸಿ, ಆ ಮೇಲೆ ಕೈಗೆ ತಾಳುವಷ್ಟು ಬಿಸಿಯ ನೀರು ಹಿಡಿಯಿರಿ. ಹಿಡಿತಕ್ಕೆ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಅಗಲ ಪಟ್ಟಿಗಿಂತ ಉತ್ತಮ ಸಾಧನ ನಾನು ಕಂಡಿಲ್ಲ. ತೊಳೆದು ಒಣಗಿಸಿ ಅಡಿಗೆಮನೆಯಲ್ಲೇ ಒಂದು ಇಟ್ಟುಕೊಳ್ಳಿ. ಜಿಡ್ಡಿನ ಕೈಯನ್ನು ಮೊದಲು ಕಡಲೆಹಿಟ್ಟಿನಿಂದ ತೊಳೆದುಕೊಂಡರೆ ಅರ್ಧ ಬಲ ಉಳಿಯುತ್ತದೆ.

ಜಾತ್ರೆ, ದಾಸೋಹ, ಮದುವೆಗಳಿಗೆ ಊರ ಪಾತ್ರೆ ಕಾಯುವವರಿಗೆ ಒಂದು ಮಾತು. ಸಾವಿರ ಜನ ಉಂಡೆದ್ದ ರಾತ್ರಿ ದಣಿದ ಕೈಗಳು ಬಿಸಿನೀರಿನಲ್ಲಿ ತೊಳೆದ ಬೋಗೋಣಿಗಳನ್ನು ಹಸಿಯಾಗಿಯೇ ಒಂದರೊಳಗೊಂದು ಇಳಿಸಿಬಿಡುತ್ತವೆ. ಬೆಚ್ಚಗಿನ ಹೊರಪಾತ್ರೆ ಆರುತ್ತ ಒಳಗಿನದರ ಮೇಲೆ ಕುಗ್ಗಿ ಕೂಡುತ್ತದೆ, ನಡುವಿನ ನೀರು ಗಾಳಿಯ ದಾರಿ ಮುಚ್ಚುತ್ತದೆ. ಮುಂದಿನ ಜಾತ್ರೆಗೆ ತೆಗೆದಾಗ ಸಬ್ಬಲು ಹುಡುಕುವ ಪ್ರಸಂಗ. ಪಾತ್ರೆಗಳನ್ನು ಬೋರಲು ಹಾಕಿ ರಾತ್ರಿ ಆರಲು ಬಿಡಿ, ಮುಂಜಾನೆ ಇಳಿಸುವಾಗ ಪ್ರತಿ ಎರಡರ ನಡುವೆ ಗೋಣಿತಟ್ಟಿನ ಒಂದು ತುಂಡು ಇಡಿ.

ಇಷ್ಟೆಲ್ಲ ಮಾಡುವಾಗ ಗಾಜಿನ ಬಾಟಲಿಯ ಬಾಯಿಯಿಂದ ಚಿಕ್ಕ ಚೂರು ಹಾರಿದರೆ, ಒಳಗಿನ ಉಪ್ಪಿನಕಾಯಿ ಎಷ್ಟೇ ಪ್ರೀತಿಯಿಂದ ಹಾಕಿದ್ದಾಗಿರಲಿ, ಸೋಸಿ ತಿನ್ನುವ ಯೋಚನೆ ಬೇಡ. ಎಣ್ಣೆಯಲ್ಲಿ ಮುಳುಗಿದ ಗಾಜು ಕಣ್ಣಿಗೆ ಕಾಣುವುದಿಲ್ಲ. ಎಮ್ಮೆಯ ಕಲಗಚ್ಚಿಗೂ ಸುರಿಯದೆ, ದನಕರು ಬಾಯಿ ಹಾಕದ ಕಡೆ ಕುಣಿ ತೋಡಿ ಹುಗಿಯಿರಿ.